ಚಂದ್ರಿಕೆ ಮಂಗಮ್ಮನ ಫೋನು

ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಎದುರು ನಾನು ಮೊಬೈಲ್ ಅಂಗಡಿ ಇಟ್ಟದ್ದು ಎರಡು ಸಾವಿರದ ಐದನೇ ಇಸವಿಯಲ್ಲಿ. ಅಂಗಡಿ ಎಂದರೆ ಎಷ್ಟು ಮಹಾ, ಒಂದು ಗಾಜಿನ ಕಪಾಟು, ಒಂದು ತಿರುಗುವ ಕುರ್ಚಿ, ಬಾಗಿಲ ಮೇಲೆ ‘ಮೋಹನ್‌ಬಾಬು ಮೊಬೈಲ್ಸ್’ ಎಂಬ ಬೋರ್ಡು. ಆದರೆ ಆ ಕುರ್ಚಿಯ ಮೇಲೆ ಕೂತರೆ ನನಗೆ ಎಲ್ಲಿಲ್ಲದ ಗತ್ತು ಬರುತ್ತಿತ್ತು. ಬಂದವರ ಚಪ್ಪಲಿ ನೋಡಿಯೇ ಇವರು ಎಂಥ ಫೋನು ಕೊಳ್ಳುತ್ತಾರೆ ಎಂದು ಹೇಳಿಬಿಡುತ್ತೇನೆ ಅಂತ ಪಕ್ಕದ ಟೀ ಅಂಗಡಿಯವರ ಮುಂದೆ ಜಂಬ ಕೊಚ್ಚುತ್ತಿದ್ದೆ. ಆ ಜಂಬವನ್ನು ಬುಡಸಮೇತ ಇಳಿಸಿದವರು ಕೆಂಚಾರ್ಲಹಳ್ಳಿಯ ಮಂಗಮ್ಮ. ಇಳಿಸಬೇಕೆಂದು ಅವರೇನೂ ಬಂದಿರಲಿಲ್ಲ, ಫೋನು ಕೊಳ್ಳಲು ಬಂದಿದ್ದರು.

ಮರುವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಐವತ್ತು ದಾಟಿದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು ಮೂಗು ಅರಳಿಸಿದರು. ಬೆರಳುಗಳೆಲ್ಲ ಒರಟು, ಉಗುರಿನ ಸುತ್ತ ಸೊಪ್ಪಿನ ಕಪ್ಪು ಕಲೆ.

“ಏನಪ್ಪ, ಊದಿನಕಡ್ಡಿ ಹಚ್ಚಿದ್ದೀಯ?”

“ಹೌದಮ್ಮ, ಬೆಳಿಗ್ಗೆ ಪೂಜೆ ಮಾಡ್ದೆ. ಯಾಕೆ?”

“ಫೋನ್‌ಗೆಲ್ಲಾ ವಾಸನೆ ಹತ್ಕೊಂಡಿರ್ತದೆ. ಅದನ್ನ ಆರಿಸಪ್ಪ, ಆಮೇಲೆ ಒಳಕ್ಕೆ ಬರ್ತೀನಿ.”

ದೇವರ ಮುಂದಿನ ಕಡ್ಡಿ ಆರಿಸು ಎನ್ನುವ ಗಿರಾಕಿಯನ್ನು ಎಲ್ಲಾದರೂ ಕಂಡಿದ್ದೀರಾ ಸ್ವಾಮಿ? ನನಗೆ ಉರಿದುಹೋಯಿತು. ಆದರೆ ಅದು ಬೋಣಿ ಹೊತ್ತು, ಬಂದ ಗಿರಾಕಿಯನ್ನು ಕಳಿಸುವ ಹಾಗಿಲ್ಲ. ಗೊಣಗಿಕೊಂಡೇ ಕಡ್ಡಿಯನ್ನು ಮುರಿದು ಹೊರಗೆ ಎಸೆದೆ. ಅವರು ಒಳಗೆ ಬಂದು, ಗಾಜಿನ ಮೇಲಿಟ್ಟ ಒಂದೊಂದು ಫೋನನ್ನೂ ಎತ್ತಿ ಮೂಸಿ ನೋಡತೊಡಗಿದರು. ಪಕ್ಕದ ಟೀ ಅಂಗಡಿಯಲ್ಲಿ ಕೂತಿದ್ದವರೆಲ್ಲ ನಕ್ಕರು.

ಅವರು ಮೂಸಿದ್ದೇಕೆಂದು ನನಗೆ ಆಮೇಲೆ ತಿಳಿಯಿತು. ರೇಷ್ಮೆ ಹುಳಕ್ಕೆ ವಾಸನೆ ಆಗಿಬರುವುದಿಲ್ಲ. ಪೌಡರು, ಸೆಂಟು, ಊದಿನಕಡ್ಡಿ, ಹೊಗೆಸೊಪ್ಪು ಯಾವುದೇ ಇರಲಿ, ಹುಳದ ಮನೆಯ ಹೊಸ್ತಿಲು ದಾಟಬಾರದು. ಮಂಗಮ್ಮ ದಿನವೂ ಎರಡು ಮೂರು ಹುಳದ ಮನೆಗಳಿಗೆ ಹೋಗಿಬರುವವರು. ಅವರ ಕಸುಬು ಚಂದ್ರಿಕೆ ಬಾಡಿಗೆಗೆ ಕೊಡುವುದು.

ಚಂದ್ರಿಕೆ ಕಾಣದವರಿಗೆ ಹೇಳಿಬಿಡುತ್ತೇನೆ. ಆಳೆತ್ತರದ ಬಿದಿರಿನ ತಟ್ಟಿ, ಅದರ ಮೇಲೆ ಸುರುಳಿಯಾಗಿ ಸುತ್ತಿದ ಬಿದಿರಿನ ಪಟ್ಟಿ. ಅಗಲ ತಟ್ಟೆಗಳಲ್ಲಿ ಸೊಪ್ಪು ತಿಂದು ಬೆಳೆದ ಹುಳ ಕೊನೆಗೊಂದು ದಿನ ತಿನ್ನುವುದನ್ನು ಬಿಟ್ಟು, ಮೈಯೆಲ್ಲ ಜೇನಿನ ಬಣ್ಣವಾಗಿ, ತಲೆ ಎತ್ತಿ ತೂಗುತ್ತದೆ. ಇದಕ್ಕೆ ಹುಳ ಹಣ್ಣಾಯಿತು ಎನ್ನುತ್ತಾರೆ. ಹಣ್ಣಾದ ಹುಳವನ್ನು ಅವತ್ತೇ ಆರಿಸಿ ಚಂದ್ರಿಕೆಗೆ ಬಿಟ್ಟರೆ ಆ ಸುರುಳಿಯ ಸಂದಿನಲ್ಲಿ ಗೂಡು ಕಟ್ಟುತ್ತದೆ. ಬಿಡದಿದ್ದರೆ ಕೆಳಗಿನ ಸೊಪ್ಪಿನಲ್ಲೇ, ಹಿಕ್ಕೆಯಲ್ಲೇ ಕಟ್ಟಿಬಿಡುತ್ತದೆ. ಆ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಒಂದು ತಿಂಗಳ ದುಡಿತ ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲಾಗುತ್ತದೆ.

ಮಂಗಮ್ಮ ಕೈವಾರದ ಹತ್ತಿರ ಹುಟ್ಟಿದವರು. ಕೆಂಚಾರ್ಲಹಳ್ಳಿಯ ವೆಂಕಟರವಣಪ್ಪನನ್ನು ಮದುವೆಯಾಗಿ ಬಂದಾಗ ಅವರಪ್ಪ ಹನ್ನೆರಡು ಚಂದ್ರಿಕೆ ಕೊಟ್ಟು ಕಳಿಸಿದ್ದರಂತೆ. ನಾನು ಕಂಡ ಹೊತ್ತಿಗೆ ಅದು ಇನ್ನೂರ ಅರವತ್ತಾಗಿತ್ತು. ಗಂಡ ಬಿದಿರು ಸೀಳಿ ಹರಿದದ್ದನ್ನು ಹೊಲಿಯುವರು, ಇವರು ಮನೆಮನೆಗೆ ಮುಟ್ಟಿಸುವರು. ಒಂದು ಮನೆಯಿಂದ ಬಂದ ಚಂದ್ರಿಕೆಯನ್ನು ತೊಳೆದು, ಔಷಧಿ ಹೊಡೆದು, ಬಿಸಿಲಿಗಿಟ್ಟು ಒಣಗಿಸದೆ ಇನ್ನೊಂದು ಮನೆಗೆ ಕಳಿಸಿದವರಲ್ಲ. ಒಂದು ಮನೆಯ ಹುಳದ ರೋಗ ಇನ್ನೊಂದು ಮನೆಗೆ ನನ್ನ ಗಾಡಿಯಲ್ಲಿ ಹೋಗಬಾರದು ಎಂಬುದು ಅವರ ಹಟ. ಅರ್ಜೆಂಟು ಎಂದು ಕಾಲಿಗೆ ಬಿದ್ದರೂ ತೊಳೆಯದ ಚಂದ್ರಿಕೆ ಕೊಡುತ್ತಿರಲಿಲ್ಲ. ಒಬ್ಬಳೇ ಮಗಳು ಯಶೋಧರಾಳನ್ನು ಚಿಕ್ಕಬಳ್ಳಾಪುರದಲ್ಲಿ ಇಟ್ಟು ನರ್ಸಿಂಗ್ ಓದಿಸುತ್ತಿದ್ದರು. ಆದರೆ ತಾವು ಒಂದಕ್ಷರ ಕಲಿತಿರಲಿಲ್ಲ. ಅಂಕೆ ಮಾತ್ರ ಬರುತ್ತಿತ್ತು, ಏಕೆಂದರೆ ಪ್ರತಿ ಚಂದ್ರಿಕೆಯ ಮೂಲೆಯಲ್ಲೂ ಬಣ್ಣದಲ್ಲಿ ನಂಬರು ಬರೆದಿರುತ್ತಿತ್ತು.

ಅಷ್ಟು ವರ್ಷ ಫೋನಿಲ್ಲದೆ ನಡೆದದ್ದು ಈಗ ಏಕೆ ಬೇಕಾಯಿತು ಎಂದು ಕೇಳಿದೆ. ಅವರು ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟರು.

“ಆಂಜಿನಮ್ಮ ಅಂತ ಇದ್ದಾಳಪ್ಪ, ಕೈವಾರದ ಕಡೆ ಎಂಟು ಮನೆ ಹಳ್ಳಿ. ಗಂಡ ಇಲ್ಲ. ಒಂದು ತುಂಡು ಹಿಪ್ಪುನೇರಳೆ ತೋಟ, ಅದರಾಗೇ ಹುಳ ಸಾಕ್ತಾಳೆ. ಹೋದ ಬೆಳೆಗೆ ಹುಳ ಹಣ್ಣಾಯ್ತು ಅಂತ ನಮ್ಮನೆಗೆ ನಡ್ಕೊಂಡು ಬಂದವ್ಳೆ. ನಾನು ಇನ್ನೆಲ್ಲೋ ಚಂದ್ರಿಕೆ ಹಾಕಕ್ಕೆ ಹೋಗಿದ್ದೆ. ಕಾದು ಕಾದು ವಾಪಸ್ ಹೋದ್ಳು. ಬೆಳೆ ಎಲ್ಲಾ ಸೊಪ್ಪಲ್ಲೇ ಕಟ್ಕೊಂತು. ನಾನು ಹೋಗಿ ಮುಖ ತೋರಿಸ್ದೆ. ಬೈಲಿಲ್ಲ ಕಣಪ್ಪ. ಬೈದಿದ್ರೆ ಚೆನ್ನಾಗಿತ್ತು.”

ಆಂಜಿನಮ್ಮನ ಮೈದುನ ಅವತ್ತೇ ಮಾತು ಮುಗಿಸಿಬಿಟ್ಟಿದ್ದನಂತೆ. ಇನ್ನೊಂದು ಬೆಳೆ ಹೀಗೆ ಹೋದರೆ ಹಿಪ್ಪುನೇರಳೆ ಕಿತ್ತು ನೀಲಗಿರಿ ನೆಡುತ್ತೇನೆ, ನೀನು ಕೂಲಿಗೆ ಹೋಗು ಅಂತ. ಆ ಗಿಡಗಳನ್ನು ಆಂಜಿನಮ್ಮ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದಳು. ಮಂಗಮ್ಮನಿಗೆ ಫೋನು ಬೇಕಿದ್ದದ್ದು ಆ ತೋಟ ಉಳಿಯಲಿ ಎಂದು.

ಇಷ್ಟು ಕೇಳಿದ ಮೇಲೂ ನನ್ನ ಬುದ್ಧಿ ಎಲ್ಲಿ ಹೋಗುತ್ತದೆ! ಕಪಾಟಿನಿಂದ ಬಣ್ಣದ ಪರದೆಯ ಕ್ಯಾಮೆರಾ ಫೋನು ತೆಗೆದೆ.

“ಇದರಲ್ಲಿ ಫೋಟೋ ತೆಗೀಬೋದು ನೋಡಿ ಅಮ್ಮ. ನಿಮ್ಮ ಮಗಳ ಫೋಟೋ ಇಟ್ಕೊಬೋದು.”

“ನನ್ನ ಮಗಳ ಮುಖ ನಂಗೆ ಗೊತ್ತಲ್ಲಪ್ಪ.”

“ಹಾಡು ಬರ್ತದೆ.”

“ಹಾಡು ಕೇಳ್ತಾ ಕೂತ್ರೆ ಫೋನ್ ಬಂದಿದ್ದು ಹೆಂಗೆ ಗೊತ್ತಾಗೋದು?”

ಆಮೇಲೆ ಅವರ ಪರೀಕ್ಷೆ ಶುರುವಾಯಿತು. ಕಣ್ಣು ಮುಚ್ಚಿಕೊಂಡು ಆ ಒರಟು ಬೆರಳಿನಲ್ಲಿ ಗುಂಡಿಗಳನ್ನು ಸವರಿ ನೋಡಿದರು. ಯಾವುದರ ಗುಂಡಿ ಬೆರಳಿಗೆ ಸಿಗಲಿಲ್ಲವೋ ಅದನ್ನು ಪಕ್ಕಕ್ಕೆ ತಳ್ಳಿದರು. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದಿನ ಬರುತ್ತದೆ ಎಂದರು. ಕ್ಯಾಮೆರಾ ಫೋನಿಗೆ ಒಂದೂವರೆ ದಿನ ಎಂದೆ. “ನಮ್ಮೂರಲ್ಲಿ ಕರೆಂಟು ಬರೋದೇ ಅದರ ಮನಸ್ಸು ಬಂದಾಗ. ಐದು ದಿನ ಬರೋದು ತೋರಿಸು” ಎಂದರು. ಕೊನೆಗೆ ಒಂದು ಫೋನನ್ನು ಸೆರಗಿಗೆ ಕಟ್ಟಿಕೊಂಡು ರಸ್ತೆ ದಾಟಿ, ಕಬ್ಬಿನ ಹಾಲಿನ ಮೆಷೀನು ತಿರುಗುತ್ತಿದ್ದ ಜಾಗದಲ್ಲಿ ನಿಂತರು. ನಾನು ಅಂಗಡಿಯಿಂದ ಫೋನು ಮಾಡಬೇಕು, ಅವರಿಗೆ ಕೇಳಿಸುತ್ತದೆಯೋ ನೋಡಬೇಕು. ಮೊದಲನೆಯದು ಕೇಳಲಿಲ್ಲ. ಎರಡನೆಯದು ಕೇಳಲಿಲ್ಲ. ಮೂರನೆಯದಕ್ಕೆ ನಾನು, “ಅಮ್ಮಾ, ಫೋನ್ ತಗೋತೀರೋ ಹೆಣ್ಣು ನೋಡ್ತಿದ್ದೀರೋ?” ಎಂದು ಬಾಗಿಲಿಂದಲೇ ಕೂಗಿದೆ. “ಹೆಣ್ಣಾದ್ರೆ ಇಷ್ಟು ನೋಡ್ತಿರಲಿಲ್ಲಪ್ಪ, ಅದು ಹೊಂದ್ಕೊಂಡು ಹೋಗ್ತದೆ, ಇದು ಹೋಗಲ್ವಲ್ಲ” ಎಂದು ಅವರೂ ಅಲ್ಲಿಂದಲೇ ಕೂಗಿದರು. ಟೀ ಅಂಗಡಿಯವರ ನಗು ಈ ಸಲ ನನ್ನ ಕಡೆ ತಿರುಗಿತು.

ಕಟ್ಟಕಡೆಗೆ ಆರಿಸಿದ್ದು ಕಪ್ಪು ಬಣ್ಣದ ಒಂದು ಮೊಂಡು ಫೋನು. ಚಿಕ್ಕ ಪರದೆ, ಉಬ್ಬಿದ ರಬ್ಬರಿನ ಗುಂಡಿ, ನೆತ್ತಿಯ ಮೇಲೆ ಒಂದು ಟಾರ್ಚು, ಕಿವಿ ಹರಿಯುವಂಥ ರಿಂಗು. ನನ್ನ ಅಂಗಡಿಯಲ್ಲಿ ಅದಕ್ಕಿಂತ ಅಗ್ಗದ್ದು ಇರಲಿಲ್ಲ. ಟಾರ್ಚನ್ನು ಮಾತ್ರ ಎರಡು ಸಲ ಹೊತ್ತಿಸಿ ನೋಡಿ, “ತಟ್ಟೆ ಸಂದಿನಾಗೆ ಹುಳ ನೋಡಕ್ಕೆ ಆಯ್ತು” ಎಂದು ಖುಷಿಪಟ್ಟರು. ಕವರು ಹಾಕಿಕೊಡುತ್ತೇನೆ ಎಂದರೆ ಅದನ್ನೂ ಮೂಸಿ, ಬೇಡ ಎಂದರು.

ಹೆಸರು ತುಂಬಿಸುವಾಗ ಇನ್ನೊಂದು ಪ್ರಸಂಗ. ಯಾರ ಯಾರ ನಂಬರು, ಏನೇನು ಹೆಸರು ಎಂದು ನಾನು ನೋಟುಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದೆ.

“ಹೆಸರು ಹಾಕಿದ್ರೆ ನಂಗೆ ಓದಕ್ಕೆ ಬರಲ್ಲ. ಅಂಕೆ ಹಾಕು. ಆವುಲಪ್ಪ ನಲವತ್ತೈದು. ಮುನಿನಾರಾಯಣಪ್ಪ ಅರವತ್ತು. ಆಂಜಿನಮ್ಮ ಮೂವತ್ತು.”

“ಇದೇನಮ್ಮ, ವಯಸ್ಸಾ?”

“ಅಯ್ಯೋ ದೇವುಡಾ! ಅವರ ಮನೆಗೆ ಎಷ್ಟು ಚಂದ್ರಿಕೆ ಬೇಕೋ ಅದು. ನಲವತ್ತೈದು ಫೋನ್ ಮಾಡಿದ್ರೆ ಯಾರು, ಎಷ್ಟು ಬೇಕು, ಎರಡೂ ಗೊತ್ತಾಯ್ತದೆ.”

“ಇಬ್ಬರಿಗೆ ಒಂದೇ ಲೆಕ್ಕ ಬಂದ್ರೆ?”

“ಒಬ್ಬರ ಮುಂದೆ ಸೊನ್ನೆ ಹಾಕಿದ್ರಾಯ್ತು.”

“ನನ್ನ ಅಂಗಡಿ ನಂಬರಿಗೆ ಏನು ಹಾಕ್ಲಿ?”

“ನೀನು ಒಂದೂ ಚಂದ್ರಿಕೆ ತಗಳಲ್ವಲ್ಲಪ್ಪ. ನಿಂದು ಬರೀ ಸೊನ್ನೆ.”

ಹೀಗೆ ನಾನು ಮಂಗಮ್ಮನ ಫೋನಿನಲ್ಲಿ ಸೊನ್ನೆಯಾದೆ. ಎರಡರ ಗುಂಡಿ ಒತ್ತಿ ಹಿಡಿದರೆ ಸೀದಾ ನನಗೆ ಬರುವಂತೆ ಮಾಡಿಕೊಟ್ಟೆ.

ಮಿಸ್ಡ್ ಕಾಲ್‌ಗೆ ಅವರು ಮಾಡಿಕೊಂಡ ಕಟ್ಟಳೆ ಕೇಳಿ ನಾನು ಬೆರಗಾದೆ. ಹಳ್ಳಿಯ ಚಿಲ್ಲರೆ ಅಂಗಡಿಗಳ ಮುಂದೆ ಆಗ ಒಂದು ರೂಪಾಯಿಯ ಕಾಯಿನ್ ಬಾಕ್ಸ್ ಇರುತ್ತಿತ್ತು. ಆ ಕಡೆಯವರು ಫೋನು ಎತ್ತದಿದ್ದರೆ ಕಾಸು ವಾಪಸು ಬೀಳುತ್ತಿತ್ತು. ಮಂಗಮ್ಮನ ಫೋನಿನಲ್ಲಿದ್ದದ್ದು ಒಂದೊಂದು ಮನೆಗೆ ಹತ್ತಿರದ ಬಾಕ್ಸಿನ ನಂಬರೇ. ಹುಳ ನಾಲ್ಕನೇ ಜ್ವರದಿಂದ ಎದ್ದರೆ, ಎಂದರೆ ಕೊನೆಯ ಸಲ ಪೊರೆ ಬಿಟ್ಟರೆ, ಒಂದು ಮಿಸ್ಡ್ ಕಾಲ್. ಅಲ್ಲಿಂದ ಏಳನೇ ದಿನಕ್ಕೆ ಮಂಗಮ್ಮ ಚಂದ್ರಿಕೆ ಎತ್ತಿಡುವರು. ಹುಳ ಹಣ್ಣಾದರೆ ಎರಡು ಮಿಸ್ಡ್ ಕಾಲ್, ಗಾಡಿ ಹೊರಡಬೇಕು. ಯಾರಿಗೂ ಒಂದು ಪೈಸೆ ಖರ್ಚಿಲ್ಲ. ಇಪ್ಪತ್ಮೂರು ಮನೆಗಳ ಏಳೇಳು ದಿನಗಳ ಲೆಕ್ಕವನ್ನು ಆಯಮ್ಮ ತಲೆಯಲ್ಲೇ ಇಟ್ಟುಕೊಂಡಿದ್ದರು. ಫೋನನ್ನು ಹುಳದ ಮನೆಯೊಳಗೆ ಒಯ್ಯದೆ ಬಟ್ಟೆಚೀಲದಲ್ಲಿ ಬಾಗಿಲ ಮೊಳೆಗೆ ನೇತುಹಾಕಿ ಒಳಗೆ ಹೋಗುವರು. ಅಷ್ಟು ದೂರದಿಂದಲೂ ಅದರ ರಿಂಗು ಕೇಳುತ್ತಿತ್ತು. ಆ ಚಳಿಗಾಲದಲ್ಲಿ ಒಂದು ಮನೆಯ ಬೆಳೆಯೂ ಸೊಪ್ಪಿನಲ್ಲಿ ಕಟ್ಟಲಿಲ್ಲ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ಹೇಳಲು ನಾಚಿಕೆ, ಆದರೂ ಹೇಳಬೇಕು.

ಮರುವರ್ಷ ಏಪ್ರಿಲ್‌ನಲ್ಲಿ ಚಾರ್ಜರಿನ ಪಿನ್ನು ಸಡಿಲವಾಗಿದೆ ಎಂದು ಬೆಳಿಗ್ಗೆ ಫೋನು ಕೊಟ್ಟು ಹೋದರು, ಸಂಜೆ ಬಂದು ಒಯ್ಯುವುದು ಎಂದು. ಪಿನ್ನು ಸರಿಮಾಡಿದ ಮೇಲೆ ಸುಮ್ಮನೆ ಹೆಸರುಗಳ ಪಟ್ಟಿ ತೆರೆದೆ. 30, 45, 60. ಅಯ್ಯೋ ಪಾಪ ಅನ್ನಿಸಿತು. ಮಗಳು ನರ್ಸಿಂಗ್ ಓದುತ್ತಾಳೆ, ತಾಯಿಯ ಫೋನು ನೋಡಿದರೆ ಹೀಗೆ! ನನ್ನ ನೋಟುಪುಸ್ತಕ ತೆಗೆದು, ಕೂತು, ಅಂಕೆ ಇದ್ದಲ್ಲೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ನೀಟಾಗಿ ಹೆಸರು ತುಂಬಿಸಿದೆ. ಪುಣ್ಯದ ಕೆಲಸ ಮಾಡಿದೆ ಎಂದುಕೊಂಡೆ. ಥೂ ನನ್ನ ಜನ್ಮಕ್ಕೆ! ಸಂಜೆ ಅವರು ಬಂದಾಗ ಅಂಗಡಿಯಲ್ಲಿ ಜನ ಗಿಜಿಗುಡುತ್ತಿದ್ದರು. ಫೋನು ಕೊಟ್ಟೆ, ಹೇಳುವುದನ್ನು ಮರೆತೆ. ಅವರು ಬಸ್ಸು ಹಿಡಿದು ಹೋದರು.

ಮರುದಿನ ನಡೆದದ್ದನ್ನು ನನಗೆ ಹೇಳಿದ್ದು ಗಂಗುಲಪ್ಪ, ಮಂಗಮ್ಮನ ಚಂದ್ರಿಕೆ ಸಾಗಿಸುವ ಎತ್ತಿನ ಗಾಡಿಯ ಮುದುಕ. ಆ ದಿನ ಬೆಳಿಗ್ಗೆ ಬೆಳೆ ಮುಗಿದ ಮನೆಯಿಂದ ತೊಳೆದು ಒಣಗಿಸಿದ ಮೂವತ್ತೆರಡು ಚಂದ್ರಿಕೆ ಹೇರಿಕೊಂಡು ಇಬ್ಬರೂ ಬರುತ್ತಿದ್ದರು. ಮಿಕ್ಕವೆಲ್ಲ ಬೇರೆ ಮನೆಗಳಲ್ಲಿ ಹುಳ ಹೊತ್ತು ನಿಂತಿದ್ದವು, ಸಂಜೆಯವರೆಗೆ ಬಿಡುಗಡೆ ಇಲ್ಲ. ಆಂಜಿನಮ್ಮ, ಆವುಲಪ್ಪ, ಮುನಿನಾರಾಯಣಪ್ಪ, ಈ ಮೂರು ಮನೆಯ ಹುಳವೂ ಒಂದೇ ದಿನ ಜ್ವರ ಎದ್ದಿದ್ದವು, ನಾಳೆ ಹಣ್ಣಾಗಬೇಕು. ಆದರೆ ಆ ವಾರ ಬಿಸಿಲು ನೆತ್ತಿ ಸುಡುವಂತಿತ್ತು, ಸೆಕೆಗೆ ಹುಳ ಬೇಗ ಹಣ್ಣಾಗುತ್ತದೆ. ಕೆರೆ ಕೋಡಿಯ ಹತ್ತಿರ ಬಂದಾಗ ಫೋನು ಒಮ್ಮೆ ಬಡಿದು ನಿಂತಿತು. ಮತ್ತೆ ಬಡಿದು ನಿಂತಿತು.

ಎರಡು ಮಿಸ್ಡ್ ಕಾಲ್. ಯಾರದೋ ಹುಳ ಹಣ್ಣಾಗಿದೆ. ಮಂಗಮ್ಮ ಪರದೆ ನೋಡಿದರು. ಅಂಕೆ ಇಲ್ಲ, ಬರೀ ಅಕ್ಷರ.

ಗಂಗುಲಪ್ಪನಿಗೆ ಕೊಟ್ಟರು. ಕನ್ನಡವಾದರೆ ಅವನು ಕೂಡಿಸಿ ಓದಬಲ್ಲ, ಇಂಗ್ಲಿಷು ಅವನಿಗೂ ಕಲ್ಲು. ತಿರುಗಿ ಆ ನಂಬರಿಗೇ ಮಾಡಿದರು. ಕಾಯಿನ್ ಬಾಕ್ಸಿನ ಅಂಗಡಿಯವನು ಊಟಕ್ಕೆ ಹೋಗಿದ್ದನೋ ಏನೋ, ಯಾರೂ ಎತ್ತಲಿಲ್ಲ. ಎರಡರ ಗುಂಡಿ ಒತ್ತಿ ಹಿಡಿದರು. ನನ್ನ ಅಂಗಡಿಯಲ್ಲಿ ಫೋನು ಹೊಡೆದುಕೊಂಡಿತು. ನನ್ನ ಮುಂದೆ ಒಬ್ಬ ಗಿರಾಕಿ ಕ್ಯಾಮೆರಾ ಫೋನು ಹಿಡಿದು ನಿಂತಿದ್ದ. ಮಂಗಮ್ಮ ತಾನೇ, ಕರೆನ್ಸಿ ಹಾಕು ಅಂತ ಮಿಸ್ಡ್ ಕಾಲ್ ಕೊಡುತ್ತಿರಬೇಕು ಎಂದು ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿ ಹತ್ತು ರೂಪಾಯಿ ಕರೆನ್ಸಿ ಹಾಕಿ ಕಳಿಸಿದೆ. ಅಲ್ಲಿ ಆ ತಾಯಿ ನೆತ್ತಿ ಸುಡುವ ಬಿಸಿಲಲ್ಲಿ ಗಾಡಿ ನಿಲ್ಲಿಸಿಕೊಂಡು ನನ್ನ ದನಿಗಾಗಿ ಕಾದಿದ್ದರು.

“ಯಾವ ಕಡೆ ತಿರುಗಿಸ್ಲಿ?” ಎಂದು ಗಂಗುಲಪ್ಪ ಕೇಳಿದನಂತೆ. ಎಡಕ್ಕೆ ಹೋದರೆ ಆವುಲಪ್ಪ, ಮುನಿನಾರಾಯಣಪ್ಪ. ಬಲಕ್ಕೆ ಹೋದರೆ ಆಂಜಿನಮ್ಮ. ಎತ್ತಿನ ಗಾಡಿ ಒಂದು ಕಡೆ ತಪ್ಪಿ ಹೋದರೆ ತಿರುಗಿ ಬರುವಷ್ಟರಲ್ಲಿ ಸಂಜೆ.

“ಸುಮ್ನಿರು ಗಂಗುಲಪ್ಪ, ಲೆಕ್ಕ ಹಾಕ್ತಾ ಇದ್ದೀನಿ” ಎಂದರು ಮಂಗಮ್ಮ. ಬೆರಳು ಮಡಿಸಿ ಮೂರೂ ಮನೆ ಎಣಿಸುತ್ತ ಹೇಳಿದರಂತೆ: “ಆವುಲಪ್ಪಂದು ಹುಲ್ಲಿನ ಮಾಡು, ತಣ್ಣಗಿರ್ತದೆ. ಮುನಿನಾರಾಯಣಪ್ಪನ ಹೆಂಚಿನ ಮೇಲೆ ಹೊಂಗೆ ನೆರಳು. ಆಂಜಿನಮ್ಮಂದು ಶೀಟಿನ ಮನೆ. ಶೀಟಿನ ಮೇಲೆ ಒದ್ದೆ ಗೋಣಿ ಹಾಸು ಅಂತ ಹೇಳಿದ್ದೆ. ಆದ್ರೆ ಮೂರು ದಿನದಿಂದ ಆ ಕಡೆ ಕರೆಂಟಿಲ್ಲ, ಮೋಟ್ರು ಓಡಿಲ್ಲ. ಗೋಣಿ ನೆನೆಸಕ್ಕೆ ನೀರು ಎಲ್ಲಿಂದ ತಂದಾಳು? ಅವಳ ಹುಳಾನೇ ಮೊದಲು ಹಣ್ಣಾಗಿರೋದು. ಬಲಕ್ಕೆ ಹೊಡಿ.”

“ಅಲ್ದೇ ಹೋದ್ರೆ?”

“ಅಲ್ದೇ ಹೋದ್ರೆ ಇನ್ನೊಬ್ಬರ ಮನೆ ನನ್ನಿಂದ ಹಾಳಾಯ್ತು ಅಂತ. ಹೊಡಿ ಗಾಡಿ.”

ದಾರಿಯುದ್ದಕ್ಕೂ ಅವರು ಗಾಡಿ ಹತ್ತಲಿಲ್ಲವಂತೆ. ಎತ್ತಿಗೆ ಭಾರವಾಗಬಾರದೆಂದು ಪಕ್ಕದಲ್ಲಿ ಓಡುನಡಿಗೆಯಲ್ಲೇ ಬಂದರು. ಹಳ್ಳಿಯ ಅಂಚಿಗೆ ಬಂದಾಗ ಆಂಜಿನಮ್ಮ ಮನೆ ಮುಂದೆ ಹುಳ ತುಂಬಿದ ಮೊರ ಹಿಡಿದು ರಸ್ತೆ ನೋಡುತ್ತ ನಿಂತಿದ್ದಳು. ಗಾಡಿ ಕಂಡು ಅವಳು ಮೊರವನ್ನು ಕೆಳಗಿಟ್ಟು ಒಂದು ಕಡೆಯಿಂದ ಚಂದ್ರಿಕೆ ಇಳಿಸತೊಡಗಿದಳು. ಮೂವರೂ ಕೂತು ಕತ್ತಲಾಗುವ ಮುಂಚೆ ಅಷ್ಟೂ ಹುಳ ಆರಿಸಿ ಬಿಟ್ಟರು. ಮೂಲೆಯ ಒಂದು ತಟ್ಟೆಯದು ಮಾತ್ರ ಸೊಪ್ಪಿನಲ್ಲೇ ಕಟ್ಟಿತ್ತು. ಉಳಿದೆರಡು ಮನೆಗೆ ಅವತ್ತು ಸಂಜೆ ಬಿಡುಗಡೆಯಾದ ಚಂದ್ರಿಕೆಯನ್ನು ತೊಳೆದು, ಔಷಧಿ ಹೊಡೆದು, ಮರುದಿನದ ಬಿಸಿಲಿಗೆ ಒಣಗಿಸಿ ಹೊತ್ತಿಗೆ ಸರಿಯಾಗಿ ಮುಟ್ಟಿಸಿದರು.

ಇದನ್ನೆಲ್ಲ ಗಂಗುಲಪ್ಪ ಮೂರು ದಿನ ಬಿಟ್ಟು ನನ್ನ ಅಂಗಡಿ ಬಾಗಿಲಲ್ಲಿ ನಿಂತು, ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಹೇಳಿದ. “ಏನಯ್ಯಾ ದೊಡ್ಡ ಮನುಷ್ಯ, ನಿನ್ನನ್ನ ಯಾರು ಕೇಳಿದ್ರು ಹೆಸರು ಬರಿ ಅಂತ?” ಎಂದ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಂಗಡಿ ಮುಚ್ಚಿ ನೋಟುಪುಸ್ತಕ ಜೇಬಿಗಿಟ್ಟುಕೊಂಡು ಮೊಪೆಡ್ ಹತ್ತಿದೆ. ಮಂಗಮ್ಮ ಆಂಜಿನಮ್ಮನ ಮನೆಯಲ್ಲೇ ಇದ್ದಾರೆ, ಗೂಡು ಹೇಗೆ ಬಂದಿದೆ ನೋಡಲು ಹೋಗಿದ್ದಾರೆ ಎಂದು ಹೇಳಿದ್ದ. ಹಳ್ಳಿಯ ಹೊರಗೆ ನಿಂತು ಕೊಡ ಹೊತ್ತು ಬರುತ್ತಿದ್ದವರ ಹತ್ತಿರ ಒಂದು ಚೊಂಬು ನೀರು ಕೇಳಿ, ಮುಖದ ಪೌಡರನ್ನು ಉಜ್ಜಿ ತೊಳೆದುಕೊಂಡೆ.

ಮನೆ ಮುಂದಿನ ಚಪ್ಪರದಡಿ ಮೂವತ್ತು ಚಂದ್ರಿಕೆ ಒಂದಕ್ಕೊಂದು ಒರಗಿ ನಿಂತಿದ್ದವು. ಸುರುಳಿಯ ತುಂಬ ಹಳದಿ ಗೂಡು. ನಾನು ಮಂಗಮ್ಮನ ಮುಂದೆ ನಿಂತು, “ತಪ್ಪಾಯ್ತಮ್ಮ, ನನ್ನಿಂದ ಆಗಿದ್ದು, ಫೋನೂ ಕಟ್ ಮಾಡ್ದೆ” ಎಂದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿ ಎಂದೇ ಬಂದಿದ್ದೆ.

“ನಿನ್ನ ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ ಮಾಡ್ದೆ, ನನ್ನ ಕಣ್ಣಿಗೆ ಕಾಣ್ಲಿಲ್ಲ. ಅಷ್ಟೇ ಕಣಪ್ಪ. ಕೂತ್ಕೊ. ನನ್ನ ಅಂಕೆ ನಂಗೆ ಹಾಕ್ಕೊಡು” ಎಂದು ಫೋನು ಕೈಗಿಟ್ಟರು.

ಹೊರಗಿನ ಕಲ್ಲಿನ ಮೇಲೆ ಕೂತು ಒಂದೊಂದೇ ಹೆಸರು ಅಳಿಸಿದೆ. ಮುನಿನಾರಾಯಣಪ್ಪ ಹೋಗಿ ಅರವತ್ತಾದ. ಆವುಲಪ್ಪ ಹೋಗಿ ನಲವತ್ತೈದಾದ. ನನ್ನನ್ನೂ ಅಳಿಸಿ ಸೊನ್ನೆ ಮಾಡಿದೆ. ಕೊನೆಗೆ ಆಂಜಿನಮ್ಮನ ಹೆಸರು ಬಂತು.

“ಮೂವತ್ತಲ್ವಾ ಅಮ್ಮ?” ಎಂದು ಕೇಳಿದೆ.

ಮಂಗಮ್ಮ ಉತ್ತರ ಹೇಳುವ ಮೊದಲೇ, ಚಪ್ಪರದ ಕಂಬಕ್ಕೆ ಒರಗಿ ಅಷ್ಟು ಹೊತ್ತೂ ಗೂಡುಗಳನ್ನು ನೋಡುತ್ತಿದ್ದ ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡ. ಆಂಜಿನಮ್ಮನ ಮೈದುನ, ನೀಲಗಿರಿ ನೆಡುತ್ತೇನೆ ಎಂದಿದ್ದವನು.

“ನಲವತ್ತೈದು ಹಾಕಪ್ಪ” ಎಂದ. “ಪಕ್ಕದ ನನ್ನ ತುಂಡಿಗೂ ಹಿಪ್ಪುನೇರಳೆನೇ ಹಾಕಣ ಅಂತಿದ್ದೀವಿ. ಅತ್ತಿಗೇನೇ ನೋಡ್ಕೊಳ್ಲಿ.”

ಆಂಜಿನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿಬಿಟ್ಟಳು. ಮಂಗಮ್ಮ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

“ನಲವತ್ತೈದು ಆಗ್ಲೇ ಆವುಲಪ್ಪ ಇದ್ದಾನೆ. ಇವಳದಕ್ಕೆ ಮುಂದೆ ಒಂದು ಸೊನ್ನೆ ಹಾಕಪ್ಪ.”

ನಾನು ಸೊನ್ನೆ ಒತ್ತಿ, ನಾಲ್ಕು ಒತ್ತಿ, ಐದು ಒತ್ತಿ, ಫೋನನ್ನು ಅವರ ಕೈಗೆ ಕೊಟ್ಟೆ. ಅವರು ಪರದೆ ನೋಡಿ, ಹೂಂ ಎಂದರು.